ಕಿವಿಯ ಹತ್ತಿರ ಒಂದು ಹಿಡಿ ಗೂಡು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಶುರುವಾಗುವುದಕ್ಕೆ ಮುಂಚಿನ ಒಂದಿಷ್ಟು ಹೊತ್ತು ಇದೆಯಲ್ಲ, ಮನುಷ್ಯ ತೀರ್ಮಾನ ತೆಗೆದುಕೊಳ್ಳುವುದು ಹೇಗೆ ಎಂಬ ಕುತೂಹಲ ಇದ್ದವರು ಅದನ್ನು ಒಮ್ಮೆ ನೋಡಬೇಕು. ಸಾಲುಸಾಲಾಗಿ ಲಾಟುಗಳು ಹರಡಿರುತ್ತವೆ. ಒಂದು ಕಡೆ ತಿಳಿಹಳದಿಯ ಮಿಶ್ರತಳಿ ಗೂಡು, ಇನ್ನೊಂದು ಕಡೆ ಬೆಳ್ಳಗೆ ಹೊಳೆಯುವ ಬೈವೋಲ್ಟೀನ್. ರಾತ್ರಿಯೇ ಊರು ಬಿಟ್ಟು ಬಂದ ರೈತ ತನ್ನ ಲಾಟಿನ ಪಕ್ಕ ನಿಂತಿರುತ್ತಾನೆ. ಇಡೀ ತಿಂಗಳ ದುಡಿಮೆ, ಹೆಂಡತಿ ಮಕ್ಕಳ ನಿದ್ದೆ, ತೋಟದ ಸೊಪ್ಪು ಎಲ್ಲವೂ ಅವನ ಮುಂದೆ ರಾಶಿಯಾಗಿ ಬಿದ್ದಿರುತ್ತದೆ. ಅಷ್ಟರಲ್ಲಿ ಗೂಡು ಕೊಂಡು ನೂಲು ಬಿಚ್ಚುವ ಒಬ್ಬ ರೀಲರ್ ಬರುತ್ತಾರೆ. ಮೇಲ್ಪದರದ ಗೂಡನ್ನು ಅವರು ಮುಟ್ಟುವುದಿಲ್ಲ. ಕೈಯನ್ನು ಮೊಣಕೈವರೆಗೂ ಇಳಿಸಿ ತಳದಿಂದ ಒಂದು ಹಿಡಿ ಎತ್ತುತ್ತಾರೆ. ಕಿವಿಯ ಹತ್ತಿರ ತಂದು ಎರಡು ಸಲ ಕುಲುಕುತ್ತಾರೆ. ಒಂದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಅದುಮಿ ನೋಡಿ, ಹಿಡಿಯನ್ನು ಮತ್ತೆ ರಾಶಿಗೆ ಬಿಟ್ಟು ಮುಂದಿನ ಲಾಟಿಗೆ ಹೊರಟುಬಿಡುತ್ತಾರೆ. ನಾವು ಒಂದು ಉಸಿರು ಒಳಗೆಳೆದು ಹೊರಗೆ ಬಿಡುವಷ್ಟರಲ್ಲಿ ಆ ರಾಶಿಗೆ ಎಷ್ಟು ಕೊಡಬಹುದು ಎಂಬುದು ಅವರ ತಲೆಯಲ್ಲಿ ಕೂತಿರುತ್ತದೆ.

ಅವರು ಕೊಳ್ಳುತ್ತಿರುವುದು ಗೂಡನ್ನಲ್ಲ, ಅದರೊಳಗಿನ ಎಳೆಯನ್ನು. ಆ ಎಳೆ ಕಣ್ಣಿಗೆ ಕಾಣುವುದಿಲ್ಲ. ಹಸಿಗೂಡಿನ ತೂಕದಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಒಳಗಿರುವ ಕೋಶದ್ದು. ಉಳಿದ ಒಂದು ಪಾಲಿನಲ್ಲಿ ಏಳುನೂರು ಮೀಟರಿನಿಂದ ಸಾವಿರ ಮೀಟರು ಮೀರಿದ ಒಂದೇ ಎಳೆ ಸುತ್ತಿಕೊಂಡಿರುತ್ತದೆ. ಒಂದು ಕೆಜಿ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕೆಜಿ ಗೂಡು ಬೇಕು ಎಂಬ ಲೆಕ್ಕಕ್ಕೆ ಮಾರುಕಟ್ಟೆಯಲ್ಲಿ ರೆಂಡಿಟ್ಟಾ ಎನ್ನುತ್ತಾರೆ. ಎಪ್ಪತ್ತು ಕೆಜಿಯ ಲಾಟನ್ನು ಏಳರ ರೆಂಡಿಟ್ಟಾ ಎಂದು ನಂಬಿ ಕೊಂಡರೆ ಹತ್ತು ಕೆಜಿ ನೂಲು ಬರಬೇಕು. ಅದೇ ಲಾಟು ಎಂಟಕ್ಕೆ ತಿರುಗಿದರೆ ಬರುವುದು ಎಂಟೂಮುಕ್ಕಾಲು ಕೆಜಿ. ಒಂದೂಕಾಲು ಕೆಜಿ ರೇಷ್ಮೆ ಒಂದೇ ದಿನದಲ್ಲಿ ಕೈಬಿಟ್ಟುಹೋಯಿತು. ಸಣ್ಣ ಚರಕದವರಿಗೆ, ಕಾಟೇಜ್ ಬೇಸಿನ್ ಇಟ್ಟುಕೊಂಡವರಿಗೆ ಅದು ವಾರದ ಊಟ.

ಹಾಗಾದರೆ ಆ ಕುಲುಕಾಟದಲ್ಲಿ ಅವರು ಕೇಳುವುದೇನನ್ನು? ಹುಳು ಗೂಡು ಕಟ್ಟಿ ಮುಗಿಸಿ ಒಳಗೆ ಕೋಶವಾಗಿ ಗಟ್ಟಿಯಾದ ಮೇಲೆ ಕುಲುಕಿದರೆ ಒಣ ಸದ್ದು ಬರುತ್ತದೆ. ಇನ್ನೂ ಎಳೆಯದಿದ್ದಾಗಲೇ ಗೂಡು ಬಿಡಿಸಿದ್ದರೆ ಸದ್ದು ಮೆತ್ತಗಾಗಿರುತ್ತದೆ, ತೂಕ ಸುಳ್ಳು ಹೇಳುತ್ತದೆ. ಹುಳು ಒಳಗೇ ಸತ್ತು ಕರಗಿ ಗೋಡೆಗೆ ಅಂಟಿದ್ದರೆ ಸದ್ದೇ ಇಲ್ಲ. ಅಂಥ ಗೂಡು ಬಿಸಿನೀರಿಗೆ ಬಿದ್ದರೆ ಬೇಸಿನ್‌ನ ನೀರೇ ಕೆಡುತ್ತದೆ, ಎಳೆ ಹೆಜ್ಜೆಹೆಜ್ಜೆಗೂ ಕಡಿಯುತ್ತದೆ. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಎಷ್ಟಿದೆ, ಊಜಿ ನೊಣದ ಮರಿ ತೂತು ಕೊರೆದು ಹೊರಬಿದ್ದ ಗೂಡು ಎಷ್ಟಿದೆ, ಕಲೆ ಎಷ್ಟು, ಪೊಳ್ಳು ಎಷ್ಟು ಎಂಬುದನ್ನು ಕಣ್ಣು ಅಷ್ಟರಲ್ಲೇ ಎಣಿಸಿರುತ್ತದೆ. ಎಣಿಸಿದ್ದು ಕಣ್ಣಿನವರಿಗೇ ಗೊತ್ತಿರುವುದಿಲ್ಲ.

ವಯಸ್ಸಾದ ರೀಲರ್ ಒಬ್ಬರನ್ನು ಕೇಳಿದ್ದೆ: "ಸಾಬ್ರೇ, ಒಂದು ಹಿಡಿ ನೋಡಿ ಇಡೀ ಲಾಟು ಹೆಂಗೆ ಹೇಳ್ತೀರಾ?"

"ನಾನೇನ್ ಹೇಳೋದು ಸ್ವಾಮಿ, ಗೂಡೇ ಹೇಳ್ತದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, ನಾನು ಕೇಳದೆಯೇ ಮುಂದುವರಿಸಿದರು. "ಚಿಕ್ಕ ಹುಡುಗ ಇದ್ದಾಗ ಅಬ್ಬಾ ಜೊತೆ ಬರ್ತಿದ್ದೆ. ಅವರು ತಗೊಂಡ ಗೂಡು ಮನೆಗೆ ಹೋಗಿ ಒಲೆ ಮುಂದೆ ನಾನೇ ಬೇಯಿಸಬೇಕಾಗಿತ್ತು. ಇಲ್ಲಿ ಮುಟ್ಟಿದ್ದೇ ಅಲ್ಲಿ ಬಿಚ್ಚೋದು. ಬೆಳಿಗ್ಗೆ ತಪ್ಪು ಮಾಡಿದ್ರೆ ನಾಳೆ ಬೇಸಿನ್ ಮುಂದೆ ಗೊತ್ತಾಗೇ ಗೊತ್ತಾಗ್ತದೆ. ಎಷ್ಟು ದಿನ ಬೈಸ್ಕೊಂಡಿದೀನೋ ಆ ಲೆಕ್ಕ ಅಲ್ಲಾಗೇ ಗೊತ್ತು."

ಒಳಮನಸ್ಸನ್ನು ನಂಬಬೇಕೋ ಬಾರದೋ ಎಂಬ ಚರ್ಚೆಯನ್ನು ಎಷ್ಟೋ ಕಡೆ ಓದಿದ್ದೇನೆ. ಅದರ ತಿರುಳನ್ನು ಅವರಷ್ಟು ಸರಳವಾಗಿ ಯಾರೂ ಹೇಳಿದ್ದು ನೆನಪಿಲ್ಲ. ಅವರ ಕೈಯಲ್ಲಿ ಮಂತ್ರವಿಲ್ಲ. ಆ ಕೈ ವರ್ಷಗಟ್ಟಲೆ ಪ್ರತಿ ದಿನ ಬೇಸಿನ್ನಿಗೆ ಉತ್ತರ ಕೊಟ್ಟಿದೆ. ಥಟ್ಟನೆ ಹೇಳುವ ಮಾತಿಗೆ ತೂಕ ಬರುವುದು ಅದನ್ನು ಯಾರೋ, ಯಾವುದೋ ಬಿಡದೆ ತಿದ್ದಿದ್ದರೆ ಮಾತ್ರ ಎಂದು ನಾನು ನಂಬಿದ್ದೇನೆ. ಹಾಗೆ ತಿದ್ದಿಸಿಕೊಳ್ಳದ ಮನಸ್ಸು ಎಷ್ಟು ಗಟ್ಟಿಯಾಗಿ ಹೇಳಿದರೂ ಅದು ಬರೀ ಗಟ್ಟಿ ದನಿ.

ಗೂಡಿನ ಹಿಂದಿನ ಕತೆಗೆ ಹೋದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಲ್ಲಿ ತೀರ್ಮಾನ ಮಾಡುವವರು ಹೆಚ್ಚಾಗಿ ಹೆಂಗಸರು. ನಮ್ಮ ಕಡೆ ಹುಳುಮನೆಯೆಂದರೆ ಮನೆಯೊಳಗಿನ ಇನ್ನೊಂದು ಮನೆ. ಮೊಟ್ಟೆಯೊಡೆದ ಹುಳು ಗೂಡಿಗೆ ಹತ್ತುವಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ; ತಲೆಯೆತ್ತಿಕೊಂಡು ಸುಮ್ಮನಿರುತ್ತದೆ. ಆಗ ಸೊಪ್ಪು ನಿಲ್ಲಿಸಿ ಸುಣ್ಣದ ಪುಡಿ ಉದುರಿಸಬೇಕು. ಒಂದು ಹೊತ್ತು ಮುಂಚೆ ನಿಲ್ಲಿಸಿದರೆ ಹಿಂದುಳಿದ ಹುಳು ಉಪವಾಸ ಬೀಳುತ್ತವೆ, ಒಂದು ಹೊತ್ತು ತಡವಾದರೆ ಹುಳುಗಳ ಏರುಪೇರು ಕೊನೆಯವರೆಗೂ ಸರಿಹೋಗುವುದಿಲ್ಲ. ಸೊಪ್ಪಿನ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಒಳಗೆ ಬಂದ ಹೆಂಗಸು ಬಾಗಿಲಲ್ಲೇ ನಿಂತು, "ಇವತ್ತು ಮಧ್ಯಾಹ್ನದ ಸೊಪ್ಪು ಬೇಡ" ಎಂದುಬಿಡುತ್ತಾಳೆ. ಅವಳು ಹುಳುವನ್ನು ನೋಡುವುದಕ್ಕೆ ಮುಂಚೆಯೇ ಕಿವಿ ಕೇಳಿರುತ್ತದೆ. ಬೆಳೆದ ಹುಳುಗಳು ಸೊಪ್ಪು ತಿನ್ನುವಾಗ ಹುಳುಮನೆಯಲ್ಲಿ ಸಣ್ಣ ಮಳೆ ಹಿಡಿದಂತೆ ಸದ್ದು ತುಂಬಿರುತ್ತದೆ. ಅದರಲ್ಲಿ ಒಂದು ಚೂರು ಇಳಿದರೂ ಅವಳಿಗೆ ಗೊತ್ತು.

ಹಾಲು ರೋಗ ಬರುವ ಮುನ್ನ ಹುಳು ನೆಲೆ ನಿಲ್ಲದೆ ತಟ್ಟೆಯ ಅಂಚಿನಲ್ಲಿ ಓಡಾಡುತ್ತದೆ. ಮೈಯ ಗಿಣ್ಣುಗಳು ಊದಿಕೊಳ್ಳುತ್ತವೆ. ಪುಸ್ತಕದಲ್ಲೂ ಇದೆ ಇದು, ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಆದರೆ ಸಾವಿರಾರು ಹುಳುಗಳ ನಡುವೆ ಅಂಚಿಗೆ ಬಂದ ಒಂದು ಹುಳುವನ್ನು ದಾರಿಯಲ್ಲಿ ಹೋಗುತ್ತಾ ಗುರುತಿಸುವ ಕಣ್ಣು ಪುಸ್ತಕದಿಂದ ಬರುವುದಿಲ್ಲ. ಹಾಗೆಯೇ ಹುಳು ಹಣ್ಣಾಗುವುದು. ಮೈ ಪಾರದರ್ಶಕವಾಗಿ, ಹೊನ್ನಿನ ಛಾಯೆ ಬಂದು, ಸೊಪ್ಪು ಬಿಟ್ಟು ತಲೆ ಆಡಿಸತೊಡಗಿದ ಹುಳುವನ್ನು ಆಯ್ದು ಚಂದ್ರಿಕೆಗೆ ಬಿಡಬೇಕು. ಈಗ ಪ್ಲಾಸ್ಟಿಕ್ಕಿನ ನೇತ್ರಿಕೆಗಳೂ ಇವೆ. ಕೈಗೆ ಕಣ್ಣಿರುವ ಅಜ್ಜಿಯರು ಪಕ್ಕದವರ ಜೊತೆ ಮಾತಾಡುತ್ತಲೇ ಹಣ್ಣುಹುಳು ಆಯುತ್ತಾರೆ, ಕಾಯಿಹುಳು ಒಂದೂ ಅವರ ಬೆರಳಿಗೆ ಸಿಗುವುದಿಲ್ಲ. ಹೇಗೆಂದು ಕೇಳಿದರೆ ಅವರಿಗೆ ಹೇಳಲು ಬಾರದು. ಹೇಳಲು ಬಾರದ್ದು ಗೊತ್ತಿಲ್ಲದ್ದು ಎಂದು ಓದಿದವರು ಅಂದುಕೊಳ್ಳುವುದು ದೊಡ್ಡ ಅನ್ಯಾಯ.

ಚಿಂತಾಮಣಿ ಎಂದ ಕೂಡಲೇ ಕೈವಾರ ನೆನಪಾಯಿತು. ಅಲ್ಲಿನ ಸಂತ ತಾತಯ್ಯನವರು ಯೋಗಿಯಾಗುವ ಮುನ್ನ ಬಳೆಯ ಮಲಾರ ಹೊತ್ತು ಊರೂರು ತಿರುಗುತ್ತಿದ್ದರು ಎಂಬುದು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇರುವ ಕತೆ. ಬಳೆಗಾರರ ಕೆಲಸವೂ ಹೀಗೆಯೇ. ಹೆಣ್ಣುಮಗಳು ಕೈ ಚಾಚುವ ಮೊದಲೇ ಅವರ ಕಣ್ಣು ಅಳತೆ ತೆಗೆದಿರುತ್ತದೆ. ಅವರು ನೋಡುವುದು ಮಣಿಕಟ್ಟನ್ನಲ್ಲ, ಹೆಬ್ಬೆರಳಿನ ಬುಡದ ಮೂಳೆಯನ್ನು. ಬಳೆ ಸಿಕ್ಕಿಕೊಳ್ಳುವುದು ಅಲ್ಲಿ. ಐದು ಬೆರಳು ಕೂಡಿಸಿ ಅಂಗೈಯನ್ನು ಮೃದುವಾಗಿ ಮಡಿಸಿ ಗಾಜಿನ ಬಳೆಯನ್ನು ಏರಿಸುವಾಗ, ಅಂದಾಜು ಒಂದು ಕೂದಲೆಳೆ ತಪ್ಪಿದರೂ ಬಳೆ ಒಡೆದು ಕೈಗೆ ಚುಚ್ಚುತ್ತದೆ. ಬಸುರಿಯ ಕೈಯಲ್ಲಿ ಬಳೆ ಒಡೆದರೆ ಆ ಊರಿನಲ್ಲಿ ಮುಂದಿನ ವರ್ಷ ವ್ಯಾಪಾರವಿಲ್ಲ. ಅವರ ಕಣ್ಣನ್ನು ತಿದ್ದಿದ್ದು ಒಡೆದ ಗಾಜು.

ಇದನ್ನೇ ಬೇರೆ ದಾರಿಯಲ್ಲಿ ಹೋಗಿ ಕಂಡುಕೊಂಡವರು ಇಬ್ಬರು ವಿದ್ವಾಂಸರು. ಅಮೆರಿಕದ ಗ್ಯಾರಿ ಕ್ಲೈನ್ ಅಗ್ನಿಶಾಮಕ ದಳದವರ ಜೊತೆ ಓಡಾಡಿ ಅವರು ಕ್ಷಣದಲ್ಲಿ ತೀರ್ಮಾನಿಸುವುದು ಹೇಗೆಂದು ಅಭ್ಯಾಸ ಮಾಡಿದವರು. ಅವರು ದಾಖಲಿಸಿದ ಒಂದು ಪ್ರಸಂಗ ಪ್ರಸಿದ್ಧ. ಒಂದು ಮನೆಯ ಅಡುಗೆಕೋಣೆಗೆ ಬೆಂಕಿ ಬಿದ್ದಿದೆ. ತಂಡ ಒಳಗೆ ನುಗ್ಗಿ ನೀರು ಹಾಯಿಸುತ್ತಿದೆ, ಬೆಂಕಿ ಬಗ್ಗುತ್ತಿಲ್ಲ. ತಂಡದ ಮುಖ್ಯಸ್ಥನಿಗೆ ಯಾಕೋ ಮನಸ್ಸು ಒಪ್ಪಲಿಲ್ಲ. ಎಲ್ಲರೂ ಹೊರಗೆ ಬನ್ನಿ ಎಂದು ಕೂಗಿದ. ಅವರು ಹೊರಬಂದದ್ದೇ ತಡ, ನಿಂತಿದ್ದ ನೆಲವೇ ಕುಸಿಯಿತು. ಬೆಂಕಿಯ ಮೂಲ ನೆಲಮಾಳಿಗೆಯಲ್ಲಿತ್ತು. ತನಗೆ ಅತೀಂದ್ರಿಯ ಶಕ್ತಿ ಇದೆ ಎಂದೇ ಆತ ನಂಬಿದ್ದ. ಕ್ಲೈನ್ ಕೂರಿಸಿ ಬಿಡಿಸಿ ಕೇಳಿದಾಗ ತಿಳಿದದ್ದು ಬೇರೆ: ಆ ಕೋಣೆಯಲ್ಲಿ ಸೆಕೆ ಇರಬೇಕಾದ್ದಕ್ಕಿಂತ ಹೆಚ್ಚಿತ್ತು, ಸದ್ದು ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ನೂರಾರು ಬೆಂಕಿ ಕಂಡ ಮೈಗೆ ಇದು ಹೊಂದಲಿಲ್ಲ. ಹುಳುಮನೆಯ ಬಾಗಿಲಲ್ಲಿ ನಿಂತ ಹೆಂಗಸಿನ ಹಾಗೆ ಆತನಿಗೂ ಇಲ್ಲದ ಸದ್ದು ಕೇಳಿಸಿತ್ತು.

ಇನ್ನೊಬ್ಬರು ಡೇನಿಯಲ್ ಕಾಹ್ನೆಮನ್. ಥಟ್ಟನೆ ತೀರ್ಮಾನಿಸುವ ಮನಸ್ಸು ಎಷ್ಟು ಕಡೆ ಎಡವುತ್ತದೆ ಎಂದು ತೋರಿಸಿ ನೊಬೆಲ್ ಪಡೆದವರು. ಒಬ್ಬರು ಒಳಮನಸ್ಸಿನ ಪರ, ಒಬ್ಬರು ವಿರುದ್ಧ. ಈ ಇಬ್ಬರೂ ವರ್ಷಗಳ ಕಾಲ ವಾದ ಮಾಡಿ 2009ರಲ್ಲಿ ಒಂದು ಲೇಖನವನ್ನು ಒಟ್ಟಿಗೆ ಬರೆದರು. ಕ್ಷೇತ್ರದಲ್ಲಿ ಒಂದು ಕ್ರಮ ಇರಬೇಕು, ಮತ್ತು ಆ ಕ್ರಮವನ್ನು ಕಲಿಯಲು ಬೇಕಾದಷ್ಟು ಅಭ್ಯಾಸ, ಬೇಗ ಸಿಗುವ ಸ್ಪಷ್ಟ ಫಲಿತಾಂಶ ಇರಬೇಕು. ಇವೆರಡೂ ಇದ್ದ ಕಡೆ ಅನುಭವಿಯ ಒಳಮನಸ್ಸನ್ನು ನಂಬಬಹುದು ಎಂಬುದು ಅವರ ಒಪ್ಪಂದ. ತನಗೆ ಎಷ್ಟು ಖಾತ್ರಿಯಿದೆ ಎಂಬುದು ಮಾತ್ರ ಯಾವುದಕ್ಕೂ ಸಾಕ್ಷಿಯಲ್ಲ ಎಂದೂ ಇಬ್ಬರೂ ಒಪ್ಪಿದರು. ನಮ್ಮ ಸಾಬರು ಹೇಳಿದ್ದನ್ನೇ ಅವರು ಹೇಳಿದ್ದು. ಎರಡು ಮಾತೂ ಸೇರಿದ್ದರಿಂದ ನನಗೆ ಧೈರ್ಯ ಬಂತು.

ಈ ಅಳತೆಗೋಲನ್ನು ಹಿಡಿದು ನಮ್ಮ ತಾಲ್ಲೂಕುಗಳನ್ನು ಸುತ್ತಿದರೆ ಒಬ್ಬನೇ ಮನುಷ್ಯನ ಒಳಮನಸ್ಸು ಒಂದು ಕಡೆ ಅಪರಂಜಿ, ಇನ್ನೊಂದು ಕಡೆ ಕಾಸಿಗೂ ಬಾರದ್ದು ಎಂಬುದು ತಿಳಿಯುತ್ತದೆ. ಚಿಂತಾಮಣಿಯ ಕಡೆಯ ರೈತನನ್ನೇ ನೋಡಿ. ಹೊಲದ ಮಣ್ಣನ್ನು ಹಿಡಿದು ಉಂಡೆ ಕಟ್ಟಿ ಒಡೆದು, ಇವತ್ತು ಉಳಬಹುದೋ ಇಲ್ಲವೋ ಹೇಳುತ್ತಾನೆ, ಸರಿಯಾಗಿರುತ್ತದೆ. ಟೊಮ್ಯಾಟೊ ಗಿಡದ ಎಲೆ ಅಂಚಿನಲ್ಲಿ ಸುರುಳಿಯಾದದ್ದನ್ನು ದೂರದಿಂದ ಕಂಡು ಏನಾಗಿದೆ ಎನ್ನುತ್ತಾನೆ, ಅದೂ ಸರಿಯಾಗಿರುತ್ತದೆ. ಆದರೆ ಅದೇ ರೈತ, ಅದೇ ಖಾತ್ರಿಯಲ್ಲಿ, "ಈ ಸಲ ರೇಟು ನಿಲ್ಲುತ್ತೆ, ನನ್ನ ಮನಸ್ಸು ಹೇಳ್ತಿದೆ" ಎಂದು ಎರಡು ಎಕರೆಗೆ ಸಸಿ ನೆಡುತ್ತಾನೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕೆಜಿಯ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ಅದನ್ನು ಕಂಡು ಎಷ್ಟೋ ಮನಸ್ಸುಗಳು ಒಟ್ಟಿಗೆ ಮಾತಾಡಿದವು. ಸಸಿ ನೆಟ್ಟು ಕಾಯಿ ಕೈಗೆ ಬರುವ ಹೊತ್ತಿಗೆ ಬೆಲೆ ನೆಲಕ್ಕೆ ಇಳಿದಿತ್ತು. ಮಣ್ಣಿಗೆ ಒಂದು ಕ್ರಮವಿದೆ, ಎಲೆಗೆ ಒಂದು ಕ್ರಮವಿದೆ. ನಾಸಿಕ್‌ನಲ್ಲಿ ಎಷ್ಟು ನೆಟ್ಟರು, ಮದನಪಲ್ಲಿಗೆ ಎಷ್ಟು ಲಾರಿ ಬಂತು, ಹಿಮಾಚಲದಲ್ಲಿ ಮಳೆ ಏನು ಮಾಡಿತು ಎಂಬುದರ ಮೇಲೆ ಕುಣಿಯುವ ಬೆಲೆಯ ಕ್ರಮವನ್ನು ಹೊಲದ ಬದುವಿನ ಮೇಲೆ ನಿಂತು ಕಲಿಯಲಾಗದು. ರೈತನನ್ನು ಹಳಿಯಲು ನಾನಿದನ್ನು ಹೇಳುತ್ತಿಲ್ಲ. ಅವನು ಅಲ್ಲಿ ಮನಸ್ಸಿನ ಮಾತು ಕೇಳಬೇಕಾಗಿ ಬಂದದ್ದು ಬೇರೆ ಯಾರೂ ಅವನಿಗೆ ನೆಚ್ಚುವ ಮಾತು ಹೇಳದಿರುವುದರಿಂದ. ಆ ಕೊರತೆ ಅವನದಲ್ಲ.

ಬೋರ್‌ವೆಲ್ಲಿನ ವಿಷಯಕ್ಕೆ ಬಂದರೆ ನನಗೆ ಸಂಕಟವೇ ಆಗುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಚಿಕ್ಕಬಳ್ಳಾಪುರ ಜಿಲ್ಲೆ ನಮ್ಮದು. ನಂದಿಬೆಟ್ಟದ ಸುತ್ತ ಅಷ್ಟೊಂದು ನದಿ ಹುಟ್ಟುತ್ತವೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಬೇಸಿಗೆಯಲ್ಲಿ ಅವುಗಳ ಮರಳಿನಲ್ಲಿ ನಡೆದುಹೋಗುತ್ತೇವೆ. ಬೋರು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಈಚೆಗೆ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಹಾಗಿದ್ದೂ ಬೋರು ಕೊರೆಸುವ ಮುನ್ನ ನೀರಿನ ಪಾಯಿಂಟು ತೋರಿಸುವವರನ್ನು ಕರೆಸದ ಊರಿಲ್ಲ. ಬೇವಿನ ಕವಲುಕಡ್ಡಿ, ಅಂಗೈ ಮೇಲೆ ನಿಲ್ಲುವ ತೆಂಗಿನಕಾಯಿ, ತಾಮ್ರದ ಕಂಬಿ. ಕಡ್ಡಿ ಬಗ್ಗಿದ ಕಡೆ ಕಲ್ಲಿಟ್ಟು, ದಕ್ಷಿಣೆ ತೆಗೆದುಕೊಂಡು ಅವರು ಹೊರಡುತ್ತಾರೆ. ಬೋರು ಕೊರೆಯುವ ಗಾಡಿ ಬರುವುದು ಆಮೇಲೆ. ನೀರು ಬಂದರೆ ಅವರ ಹೆಸರು ಹತ್ತೂರಿಗೆ ಹಬ್ಬುತ್ತದೆ. ಬರೀ ಧೂಳೆದ್ದರೆ, ಇನ್ನೂ ನೂರಡಿ ಇಳಿಸಬೇಕಿತ್ತು, ಜಾಗ ಎರಡು ಮಾರು ಜರುಗಿಸಿಬಿಟ್ಟಿರಿ, ನಿಮಗೆ ಋಣವಿಲ್ಲ ಎಂದು ಮಾತು ಮುಗಿಯುತ್ತದೆ. ಬಹಳ ಸಲ ಆ ಸುದ್ದಿ ಅವರಿಗೆ ತಲುಪುವುದೇ ಇಲ್ಲ. ಸಾಲ ಮಾಡಿ ಸೋತವನು ಯಾರಿಗೆ ಹೇಳಿಯಾನು?

ಅವರಲ್ಲಿ ಬಹುಪಾಲು ಜನ ಮೋಸಗಾರರಲ್ಲ ಎಂದು ನಾನು ಮನಸಾರೆ ನಂಬುತ್ತೇನೆ. ಕಡ್ಡಿ ತಮ್ಮ ಕೈಯಲ್ಲಿ ತಾನಾಗಿಯೇ ಬಗ್ಗುತ್ತದೆ ಎಂದು ಅವರಿಗೆ ನಿಜವಾಗಿಯೂ ಅನ್ನಿಸುತ್ತದೆ. ಆದರೆ ಅವರ ಕೈ ಯಾವ ಬೇಸಿನ್ನಿಗೂ ಉತ್ತರ ಕೊಟ್ಟಿಲ್ಲ. ಜರ್ಮನಿಯಲ್ಲಿ 1987–88ರಲ್ಲಿ ಸುಮಾರು ಐನೂರು ಜನ ಇಂಥವರನ್ನು ಕರೆಸಿ, ಅವರಲ್ಲಿ ಉತ್ತಮರೆನಿಸಿದ 43 ಜನರನ್ನು ಆರಿಸಿ, ಒಂದು ಕಣಜದ ಮನೆಯಲ್ಲಿ ಪರೀಕ್ಷೆ ಮಾಡಿದರು. ಕೆಳಗೆ ನೀರಿನ ಕೊಳವೆಯನ್ನು ಎಲ್ಲೆಂದರಲ್ಲಿ ಸರಿಸುವುದು, ಅಟ್ಟದ ಮೇಲಿನವರು ಅದೆಲ್ಲಿದೆ ಎಂದು ಹೇಳುವುದು. ಕೆಲವರಿಗೆ ಶಕ್ತಿಯಿದೆ ಎಂದು ಪರೀಕ್ಷೆ ಮಾಡಿದವರು ಬರೆದರು. ಅದೇ ಅಂಕಿಗಳನ್ನು ಮತ್ತೆ ಕೂಲಂಕಷವಾಗಿ ನೋಡಿದ ಜಿಮ್ ಎನ್‌ರೈಟ್ ಎಂಬ ವಿಜ್ಞಾನಿ, ಕಣ್ಣು ಮುಚ್ಚಿ ಊಹಿಸಿದರೆ ಬರುವಷ್ಟೇ ಇದೂ ಬಂದಿದೆ ಎಂದು ತೋರಿಸಿದರು.

ಈ ಮಾತನ್ನು ನಮ್ಮ ಜಿಲ್ಲೆಗೆ ಹೇಳಲು ಜರ್ಮನಿಯವರು ಬರಬೇಕಾಗಿರಲಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಜೀವನವಿಡೀ ಹೇಳಿದ್ದು ಇದನ್ನೇ. ಭೌತಶಾಸ್ತ್ರದ ಮೇಷ್ಟರು, ಖಾದಿಯ ಮನುಷ್ಯ, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬಾಳಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ದೊಡ್ಡ ವಿರೋಧ ಕಟ್ಟಿಕೊಂಡರು. ನಂಬುವವರನ್ನು ಅವರು ಹೀಗಳೆಯುತ್ತಿದ್ದರು ಎಂದು ಆಗ ಹಲವರು ತಿಳಿದರು. ನನಗೆ ಅದು ಹಾಗೆ ಕಾಣುವುದಿಲ್ಲ. ಪರೀಕ್ಷೆಗೆ ಒಡ್ಡಿಕೊಂಡದ್ದನ್ನು ಮಾತ್ರ ನಂಬೋಣ ಎನ್ನುವುದು ನಂಬಿಕೆಗೆ ಕೊಡುವ ಮರ್ಯಾದೆ. ಗೂಡು ಕುಲುಕುವ ಕೈ ಅವರ ಪರೀಕ್ಷೆಯಲ್ಲಿ ಗೆಲ್ಲುತ್ತಿತ್ತು. ಹೊಸೂರಿನ ಮಣ್ಣಿನಲ್ಲಿ ನಡೆದು ಬೆಳೆದವರಿಗೆ ಒಣಗಿದ ಬಾವಿಯ ಬೆಲೆ ಗೊತ್ತಿತ್ತು.

ಅದೇ ಗೌರಿಬಿದನೂರಿನ ಬಯಲಿನಲ್ಲಿ ಈಗ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ ಎನಿಸಿಕೊಂಡಿರುವ ಸಂಸ್ಥೆಯವರು 1965ರಲ್ಲಿ ಭೂಕಂಪನ ಮಾಪಕಗಳ ಜಾಲ ಹಾಕಿದರು. ದೂರದ ಯಾವುದೋ ದೇಶದಲ್ಲಿ ನೆಲದಡಿ ಅಣುಬಾಂಬು ಸಿಡಿಸಿದರೆ ನಮ್ಮ ರಾಗಿ ಹೊಲದ ಕೆಳಗಿನ ಬಂಡೆಗೆ ಗೊತ್ತಾಗುತ್ತದೆ! ಇಪ್ಪತ್ತು ಮಾಪಕಗಳನ್ನು ಎರಡು ತೋಳಿನಂತೆ ಸಾಲಾಗಿ ಹೂಳಿದ್ದಾರೆ. ಯಾಕೆ ಇಪ್ಪತ್ತು? ಒಂದೇ ಮಾಪಕಕ್ಕೆ ಲಾರಿ ಹೋದದ್ದೂ ಗಾಳಿಗೆ ಮರ ಅಲುಗಿದ್ದೂ ಕೇಳಿಸುತ್ತದೆ. ಇಪ್ಪತ್ತನ್ನೂ ಕೂಡಿಸಿ ನೋಡಿದಾಗ ಅಲ್ಲಲ್ಲಿನ ಗದ್ದಲ ಒಂದನ್ನೊಂದು ಅಳಿಸಿಕೊಂಡು ದೂರದಿಂದ ಬಂದ ನಿಜವಾದ ಅಲೆ ಮಾತ್ರ ಎದ್ದು ನಿಲ್ಲುತ್ತದೆ. ಸ್ಫೋಟವೋ ಭೂಕಂಪವೋ ಎಂದು ಹೇಳುವವರು ನೋಡುವ ಗುರುತುಗಳಲ್ಲಿ ಅಲೆಯ ಮೊಟ್ಟಮೊದಲ ಚಲನೆಯೂ ಒಂದು. ಸ್ಫೋಟ ಎಲ್ಲ ದಿಕ್ಕಿಗೂ ತಳ್ಳುತ್ತದೆ. ಭೂಕಂಪ ಒಂದು ಕಡೆ ತಳ್ಳಿದರೆ ಇನ್ನೊಂದು ಕಡೆ ಎಳೆಯುತ್ತದೆ. ಮೊದಲ ಕ್ಷಣದಲ್ಲೇ ಸುಳಿವಿದೆ, ಆದರೆ ಅದರ ಮೇಲಷ್ಟೇ ನಿಂತು ಯಾರೂ ತೀರ್ಪು ಬರೆಯುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡ ಶಿಸ್ತು ನನಗೆ ಬಹಳ ಇಷ್ಟ.

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯವರ ಬಗ್ಗೆ ಶಾಲೆಯಲ್ಲಿ ಎಲ್ಲ ಮಕ್ಕಳೂ ಕೇಳುವ ಕತೆಯೊಂದಿದೆ. ವಿಶ್ವೇಶ್ವರಯ್ಯನವರು ರೈಲಿನಲ್ಲಿ ಹೋಗುತ್ತಿದ್ದಾಗ ಹಳಿಯ ಸದ್ದು ಬದಲಾದದ್ದನ್ನು ಕೇಳಿ ಸರಪಳಿ ಎಳೆದರಂತೆ, ಮುಂದೆ ಹಳಿ ಬಿರುಕು ಬಿಟ್ಟಿತ್ತಂತೆ. ನಡೆದದ್ದೋ ಜನ ಕಟ್ಟಿದ್ದೋ, ನಾವು ಅವರನ್ನು ಪ್ರೀತಿಸುವ ಬಗೆ ಅದರಲ್ಲಿದೆ. ಆದರೆ 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಕೊಚ್ಚಿದ ಮೇಲೆ ನಿಜಾಮರು ಕರೆಸಿದಾಗ ಅವರು ಮಾಡಿದ ಕೆಲಸ ಈ ಕತೆಗಿಂತ ದೊಡ್ಡದು. ಮಳೆಯ ದಾಖಲೆಗಳನ್ನು ತರಿಸಿ, ಜಲಾನಯನದ ಲೆಕ್ಕ ಹಾಕಿ, ನಗರದ ಮೇಲ್ಗಡೆ ಜಲಾಶಯ ಕಟ್ಟಬೇಕೆಂದು ವರದಿ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎದ್ದದ್ದು ಆ ದಾರಿಯಲ್ಲಿ. ಮಹಾ ನೆರೆ ಒಬ್ಬರ ಆಯುಷ್ಯದಲ್ಲಿ ಒಮ್ಮೆಯೋ ಎರಡು ಸಲವೋ ಬರುತ್ತದೆ. ಅದರ ವಿಷಯದಲ್ಲಿ ಕಿವಿ ಪಳಗುವುದಕ್ಕೆ ಅವಕಾಶವೇ ಇಲ್ಲ. ಅಲ್ಲಿ ಹಳೆಯ ಕಡತವನ್ನೇ ಕೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಮನುಷ್ಯರ ಬಗ್ಗೆ ನಾವು ಮಾಡುವ ಥಟ್ ತೀರ್ಮಾನಗಳ ಮಾತನ್ನು ಬಿಡುವ ಹಾಗಿಲ್ಲ. "ನೋಡಿದ ತಕ್ಷಣ ಗೊತ್ತಾಗಿಬಿಡ್ತು, ಆಸಾಮಿ ಸರಿಯಿಲ್ಲ" ಎಂದು ಎಷ್ಟು ಸಲೀಸಾಗಿ ಹೇಳುತ್ತೇವೆ! ಬಾಡಿಗೆಗೆ ಮನೆ ಕೇಳಿಕೊಂಡು ಬಂದವರನ್ನು ಹೊಸಿಲಲ್ಲೇ ಅಳೆಯುತ್ತೇವೆ. ಹೆಸರು ಕೇಳಿ, ಬಣ್ಣ ನೋಡಿ, ಮಾತಿನ ಧಾಟಿ ಹಿಡಿದು ಅಳೆಯುತ್ತೇವೆ. ಕೆಲಸಕ್ಕೆ ಬಂದ ಹುಡುಗನನ್ನು ಹತ್ತು ನಿಮಿಷ ಕೂರಿಸಿ, ಇವನು ಆಗುವುದಿಲ್ಲ ಎನ್ನುತ್ತೇವೆ. ಬೇಡವೆಂದು ಕಳಿಸಿದವನು ಆಮೇಲೆ ಏನಾದ, ಬೇರೆ ಕಡೆ ಹೇಗೆ ದುಡಿದ, ಆ ಸಂಸಾರ ಬೇರೆಯವರ ಮನೆಯಲ್ಲಿ ಹೇಗೆ ಬಾಳಿತು ಎಂಬುದು ನಮಗೆ ತಿಳಿಯುವುದೇ ಇಲ್ಲ. ಕೊಳ್ಳದೆ ಬಿಟ್ಟ ಗೂಡಿನ ನೂಲನ್ನು ಕಂಡವರಿಲ್ಲ. ಹಾಗಾಗಿ ಈ ಮನಸ್ಸು ಎಂದೂ ತಿದ್ದಿಸಿಕೊಳ್ಳುವುದಿಲ್ಲ, ಹಳೆಯ ಪೂರ್ವಗ್ರಹವೇ ಅನುಭವದ ಮುಖ ಹೊತ್ತು ಮಾತಾಡುತ್ತದೆ. ಇದರಿಂದ ಎಷ್ಟು ಜನರ ಬದುಕಿನ ಬಾಗಿಲು ಮುಚ್ಚಿದೆ ಎಂದು ನೆನೆದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಕಾಹ್ನೆಮನ್ ಇಪ್ಪತ್ತರ ಹರೆಯದಲ್ಲಿ ಇಸ್ರೇಲಿನ ಸೇನೆಯಲ್ಲಿದ್ದಾಗ, ಸೇರಲು ಬಂದ ಹುಡುಗರ ಸಂದರ್ಶನದ ಕ್ರಮವನ್ನು ಬದಲಿಸಿದ್ದರು. ಒಟ್ಟಾರೆ ಹೇಗನ್ನಿಸಿತು ಎಂದು ಹೇಳುವುದನ್ನು ನಿಲ್ಲಿಸಿ. ಹೊಣೆಗಾರಿಕೆ, ಬೆರೆಯುವ ಗುಣ ಹೀಗೆ ಆರು ಗುಣಗಳನ್ನು ಒಂದೊಂದಾಗಿ ವಿಚಾರಿಸಿ ಅಂಕ ಕೊಡಿ ಎಂದರು. ಸಂದರ್ಶನ ಮಾಡುತ್ತಿದ್ದವರು ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದು ಸಿಡುಕಿದರು. ಸರಿ, ಆರನ್ನೂ ಮುಗಿಸಿದ ಮೇಲೆ ಕಣ್ಣು ಮುಚ್ಚಿ ಆ ಹುಡುಗನನ್ನು ಸೈನಿಕನಾಗಿ ಕಲ್ಪಿಸಿಕೊಂಡು ಇನ್ನೊಂದು ಅಂಕ ಕೊಡಿ ಎಂದರು. ಫಲಿತಾಂಶ ಬಂದಾಗ, ಕಣ್ಣು ಮುಚ್ಚಿ ಕೊಟ್ಟ ಅಂಕವೂ ಆರು ಅಂಕಗಳ ಮೊತ್ತದಷ್ಟೇ ಒಳ್ಳೆಯದಾಗಿತ್ತು! ಒಳಮನಸ್ಸು ಕೊನೆಯಲ್ಲಿ ಮಾತಾಡಿದಾಗ ಸರಿಯಾಗಿ ಮಾತಾಡಿತು.

ನಮ್ಮ ಹಿಂದಿನವರು ಇದನ್ನು ಹೆಣ್ಣು-ಗಂಡು ನೋಡುವುದರಲ್ಲಿ ಮಾಡುತ್ತಿದ್ದರು. ಉಪ್ಪಿಟ್ಟು ಕೇಸರಿಬಾತು ತಿಂದು ಎದುರುಬದುರು ಕೂತು ನೋಡುವ ಶಾಸ್ತ್ರಕ್ಕೆ ಅವರು ಕೊಡುತ್ತಿದ್ದ ಬೆಲೆ ಕಡಿಮೆ. ಹಿಂದುಮುಂದು ವಿಚಾರಿಸುವುದೇ ಅವರಿಗೆ ಮುಖ್ಯ. ನಮ್ಮ ನೆಂಟರಲ್ಲಿ ಒಬ್ಬ ಹುಡುಗಿಗೆ ಗೌರಿಬಿದನೂರು ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗನ ಮಾತು, ನಡೆ, ಬಟ್ಟೆ ಕಂಡು ಗಂಡಸರೆಲ್ಲ ಅಲ್ಲೇ ಒಪ್ಪಿಬಿಟ್ಟರು. ಹುಡುಗಿಯ ಅಜ್ಜಿ ಮಾತ್ರ, "ಚೆನ್ನಾಗೇ ಅವ್ನೆ ಕಣಪ್ಪಾ, ಎರಡು ದಿನ ತಡೀರಿ" ಎಂದರು. ಮಾರನೆಯ ದಿನ ಒಂದು ಚೀಲ ರಾಗಿ ಹೊತ್ತುಕೊಂಡು ಬಸ್ಸು ಹತ್ತಿ, ಹುಡುಗನ ಊರಿನ ಹಿಟ್ಟಿನ ಗಿರಣಿಗೆ ಹೋದರು. ಗಿರಣಿಯಲ್ಲಿ ಸರದಿ ಕಾಯುತ್ತಾ ಕೂತ ಹೆಂಗಸರಿಗಿಂತ ಆ ಮನೆಯನ್ನು ಬಲ್ಲವರು ಇನ್ನಾರಿದ್ದಾರು? ಅತ್ತೆಯಾಗುವವಳು ಕೂಲಿಯವರಿಗೆ ಅನ್ನ ಹೇಗೆ ಬಡಿಸುತ್ತಾಳೆ, ಹುಡುಗ ತನ್ನ ತಂಗಿಯ ಜೊತೆ ಹೇಗೆ ಮಾತಾಡುತ್ತಾನೆ, ತಂದೆ ತೀರಿದಾಗ ಸಾಲ ತೀರಿಸಿದವರು ಯಾರು ಎಂಬುದೆಲ್ಲ ರಾಗಿ ಬೀಸಿ ಮುಗಿಯುವಷ್ಟರಲ್ಲಿ ತಿಳಿಯಿತು. ಸಂಜೆ ಹಿಟ್ಟಿನ ಚೀಲ ಇಳಿಸಿದವರೇ, ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದು, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿ, "ಈಗ ನಿನ್ನ ಮನಸ್ಸು ಏನು ಹೇಳ್ತದೆ ಹೇಳು ಮಗಾ" ಎಂದರು.